ಲಿಥಿಯಂ ಬ್ಯಾಟರಿ ಪ್ಯಾಕಿನ ಸುರಕ್ಷತಾ ಪರೀಕ್ಷೆ ನಮ್ಮ ಘಟಕದಾಗ ಮಾಡಬಹುದೇನ್ರಿ?

ಪ್ರಶ್ನೆ: ಹುಬ್ಬಳ್ಳಿ ಗೋಕುಲ ರಸ್ತೆ ಘಟಕದಾಗ 3.7 ವೋಲ್ಟ್ ಲಿಥಿಯಂ ಪ್ಯಾಕಿನ ಸಾಧನ ತಯಾರಾಗ್ತದ. ಪರೀಕ್ಷೆ ಇಲ್ಲೇ ಮುಗಿಸಿದ್ರ ನಡೀತದೇನ್ರಿ?

ಉತ್ತರ 1: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಗೆ ನಡಿಯೂದಿಲ್ರಿ. ಲಿಥಿಯಂ ಬ್ಯಾಟರಿ ಸುರಕ್ಷತೆಯ ಭಾರತೀಯ ಮಾನಕ ಐಎಸ್ 16046 ಭಾಗ 2ರ ವರದಿ ಬಿಐಎಸ್ ಮಾನ್ಯತೆ ಇರೋ ಲ್ಯಾಬಿಂದನೇ ಬರಬೇಕು. ಆದ್ರ ಕಳಿಸೂಕಿಂತ ಮೊದಲ ನೀವೇ ಒಮ್ಮೆ ನೋಡ್ರಿ. ಪೂರ್ತಿ ಚಾರ್ಜ್ ಆದ ಪ್ಯಾಕನ್ನ ಸುಮಾರು 80 ಮಿಲಿಓಮ್ ರೆಸಿಸ್ಟೆನ್ಸಿನಾಗ ಶಾರ್ಟ್ ಮಾಡೂದು, ಅಂದ್ರ ಪ್ಲಸ್ ಮೈನಸ್ ನೇರ ಜೋಡಿಸೂದು. ತಂತಿ, ಕ್ಲಿಪ್ಪಿನ ರೆಸಿಸ್ಟೆನ್ಸೂ ಅದರಾಗೇ ಎಣಿಸ್ರಿ. ತೆಳು ತಂತಿ ಹಾಕಿದ್ರ ಕರೆಂಟ್ ಕಡಿಮಿ ಆಗಿ ಕೆಟ್ಟ ಪ್ಯಾಕೂ ಪಾಸಾದಂಗ ಕಾಣ್ತದ.

ಉತ್ತರ 2: ಮೇಲಿನ ಸರ ಹೇಳಿದ್ದು ಖರೆ, ಒಂದು ಸೇರಿಸ್ತೀನಿ. ಪ್ಯಾಕಿನ ರಕ್ಷಣಾ ಬೋರ್ಡಿನ ಡಿಸ್ಚಾರ್ಜ್ ಮಾಸ್‌ಫೆಟ್ (ಕರೆಂಟ್ ಕಡಿಯೋ ಎಲೆಕ್ಟ್ರಾನಿಕ್ ಸ್ವಿಚ್ಚು) ಬೇಕಂತನೇ ಶಾರ್ಟ್ ಮಾಡಿ, ಅದೇ ಪರೀಕ್ಷೆ ಮಾಡಿನೂ ನೋಡ್ರಿ, ಭಾಳ ಪ್ಯಾಕು ಅಲ್ಲೇ ಸೋಲ್ತಾವ. ಬಯಲಾಗ, ಉಸುಕಿನ ಬಕೆಟ್ ಹತ್ರ ಇಟ್ಕೊಂಡು ಮಾಡ್ರಿ, ಒಳಗ ಬ್ಯಾಡ.

ಉತ್ತರ 3: ಸಾಗಾಟಕ್ಕ ಯುಎನ್ 38.3, ಅಂದ್ರ ವಿಶ್ವಸಂಸ್ಥೆಯ ಸಾಗಾಟ ಸುರಕ್ಷತಾ ಪರೀಕ್ಷೆ, ಬ್ಯಾರೇನೇ ಬೇಕ್ರಿ. ಸೆಲ್ ಬದಲಾದ್ರ ಹಳೇ ವರದಿ ನಂಬ್ಕೊಂಡು ಕೂಡಬ್ಯಾಡ್ರಿ.