ಸಹಾಯ ಬೇಕು: ಹಾಸನದಲ್ಲಿ ದೊಡ್ಡವರಿಗೆ ಹೆಪಟೈಟಿಸ್ ಬಿ ಇಂಜೆಕ್ಷನ್ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟ್ ಇದೆ. ನಮ್ಮ ಭಾವ ಹಾಸನದಲ್ಲಿ ಕಸದ ಗಾಡಿಯಲ್ಲಿ ಕೆಲಸ ಮಾಡುತ್ತಾರೆ. ಇವತ್ತು ಬೆಳಿಗ್ಗೆ ಹಸಿ ಕಸ, ಒಣ ಕಸ ಬೇರೆ ಮಾಡುವಾಗ ಯಾರೋ ಎಸೆದ ಸಿರಿಂಜ್ ಸೂಜಿ ಗ್ಲೌಸ್ ದಾಟಿ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಬಂತು.

ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಿ 28 ದಿನ ತಗೋಬೇಕು. ಅದು ಶುರುವಾಗಿದೆ, ಸದ್ಯ. ಆದರೆ ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಬಗ್ಗೆ ಆಸ್ಪತ್ರೆಯಲ್ಲಿ ಯಾರೂ ಕೇಳಲೇ ಇಲ್ಲ. ಸೂಜಿಯಿಂದ ಎಚ್‌ಐವಿಗಿಂತ ಸುಲಭವಾಗಿ ಹರಡುವುದು ಅದೇ ಅಲ್ವಾ? ಭಾವನಿಗೆ ನಲವತ್ತು ದಾಟಿದೆ. ಅವರು ಚಿಕ್ಕವರಿದ್ದಾಗ ಈ ಲಸಿಕೆ ಸರ್ಕಾರದ ಪಟ್ಟಿಯಲ್ಲೇ ಇರಲಿಲ್ಲ.

ಇನ್ನೊಂದು ಭಯ. ಈ ಮಾತ್ರೆಯಲ್ಲಿರುವ ಟೆನೊಫೊವಿರ್, ಲ್ಯಾಮಿವುಡಿನ್ ಹೆಪಟೈಟಿಸ್ ಬಿ ವೈರಸ್ಸನ್ನೂ ಅದುಮಿಡುತ್ತವೆ. ಸೋಂಕು ಮೊದಲೇ ಇದ್ದರೆ, ಮಾತ್ರೆ ನಿಲ್ಲಿಸಿದ ಮೇಲೆ ಅದು ಕೆರಳಿ ಲಿವರ್‌ಗೆ ಪೆಟ್ಟು ಬೀಳಬಹುದು. ಹಾಗಾಗಿ ಎಚ್‌ಬಿಎಸ್‌ಎಜಿ ಟೆಸ್ಟ್ (ಹೆಪಟೈಟಿಸ್ ಬಿ ಇದೆಯಾ ಅಂತ ನೋಡುವ ರಕ್ತ ಪರೀಕ್ಷೆ) ಈಗಲೇ ಆಗಬೇಕು.

ಹೆಪಟೈಟಿಸ್ ಬಿ ಇಮ್ಯುನೋಗ್ಲೋಬ್ಯುಲಿನ್ ಇಂಜೆಕ್ಷನ್ (ಲಸಿಕೆಯಲ್ಲ, ತಕ್ಷಣ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯ) 24 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು. ಬೆಲೆ ಜಾಸ್ತಿ, ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಇರಲ್ಲ. ಹಾಸನದಲ್ಲಿ ಯಾರ ಹತ್ತಿರ ಸ್ಟಾಕ್ ಇದೆ? ಲಸಿಕೆಯ ಮೂರು ಡೋಸ್ (ಈಗ, 1 ತಿಂಗಳಿಗೆ, 6 ತಿಂಗಳಿಗೆ) ದೊಡ್ಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡ್ತಾರಾ, ಯಾವ ವಿಭಾಗದಲ್ಲಿ ಕೇಳಬೇಕು? ನರ್ಸಿಂಗ್, ಲ್ಯಾಬ್ ಕೆಲಸದಲ್ಲಿರುವ ಅಕ್ಕ, ಅಣ್ಣಂದಿರು ದಯವಿಟ್ಟು ಇನ್‌ಬಾಕ್ಸ್ ಮಾಡಿ. ರಾತ್ರಿಯಾದರೂ ಪರವಾಗಿಲ್ಲ, ಗಾಡಿ ಇದೆ, ಬರುತ್ತೇವೆ.