ಆಫ್‌ರೋಡ್ ಗಾಡಿಯ ಫ್ರೇಮಿಗೆ ಟ್ಯೂಬ್ ಬಗ್ಗಿಸಿದರೆ ಚಪ್ಪಟೆ ಆಗುತ್ತಿದೆ, ಏನು ಮಾಡೋದು?

ಕೆಸರುಗಾಲಿ:
ಎಲ್ಲರಿಗೂ ನಮಸ್ಕಾರ. ಹಳೇ ಬೈಕಿನ ಇಂಜಿನ್ ಇಟ್ಟುಕೊಂಡು ಒಬ್ಬರೇ ಕೂರುವ ಸಣ್ಣ ಆಫ್‌ರೋಡ್ ಗಾಡಿ ಕಟ್ಟುತ್ತಿದ್ದೇನೆ. ಫ್ರೇಮಿಗೆ 38 ಮಿಮೀ ಹೊರವ್ಯಾಸ, 2 ಮಿಮೀ ದಪ್ಪದ ಇಆರ್‌ಡಬ್ಲ್ಯೂ (ಪಟ್ಟಿ ಸುತ್ತಿ ಉದ್ದಕ್ಕೂ ಬೆಸೆದ) ಟ್ಯೂಬ್ ತಂದಿದ್ದೇನೆ. ಬಗ್ಗಿಸುವುದಕ್ಕೆ ಇರುವುದು ಹೈಡ್ರಾಲಿಕ್ ಪೈಪ್ ಬೆಂಡರ್. ಅದೇ, ಜ್ಯಾಕ್ ಮೇಲೆ ಅರ್ಧಚಂದ್ರದ ಡೈ (ಟ್ಯೂಬ್ ಕೂರುವ ಅಚ್ಚು), ಎರಡು ಕಡೆ ರೋಲರ್. 20-25 ಡಿಗ್ರಿವರೆಗೆ ಚೆನ್ನಾಗಿಯೇ ಬರುತ್ತದೆ. ಅಲ್ಲಿಂದ ಮುಂದೆ ಒಳಬದಿ ತಗ್ಗು ಬಿದ್ದು ಸುಕ್ಕುಗಟ್ಟುತ್ತದೆ, ರೋಲರ್ ಒತ್ತುವ ಜಾಗವೂ ಚಪ್ಪಟೆ. ತಲೆ ಹಿಂದಿನ ಹೂಪಿಗೆ (ಗಾಡಿ ಮಗುಚಿದರೆ ತಲೆ ಕಾಯುವ ಕಮಾನು) 90 ಡಿಗ್ರಿಯ ಎರಡು ಬೆಂಡ್ ಬೇಕೇ ಬೇಕು. ಒಬ್ಬರು ಮರಳು ತುಂಬು ಅಂತಾರೆ, ಇನ್ನೊಬ್ಬರು ಗ್ಯಾಸ್ ಹಚ್ಚಿ ಕೆಂಪಗೆ ಮಾಡಿ ಬಗ್ಗಿಸು ಅಂತಾರೆ. ಯಾವುದು ಸರಿ? ಇನ್ನೊಂದು, ಟ್ಯೂಬ್ ಎಷ್ಟು ಉದ್ದ ಕತ್ತರಿಸಬೇಕು, ಬೆಂಡ್ ಎಲ್ಲಿಂದ ಶುರು ಮಾಡಬೇಕು ಅನ್ನೋ ಲೆಕ್ಕವೂ ಹತ್ತುತ್ತಿಲ್ಲ. ಹೂಪಿನ ಎರಡೂ ಕಾಲುಗಳು ಒಂದೇ ಎತ್ತರಕ್ಕೆ ಬರಲ್ಲ.

ಇಕ್ಕಳ_ಸುತ್ತಿಗೆ:
ಮೊದಲು ಆ ಡೈ ಮೇಲೆ ಏನು ಬರೆದಿದೆ ನೋಡಿ. 1 ಇಂಚು, 1¼ ಇಂಚು ಅಂತ ಇರುತ್ತದೆ. ಅದು ನೀರಿನ ಪೈಪಿನ ಅಳತೆ, ಹೊರವ್ಯಾಸ ಅಲ್ಲ. 1 ಇಂಚಿನ ಪೈಪಿನ ಹೊರವ್ಯಾಸ ಸುಮಾರು 33.7 ಮಿಮೀ, 1¼ ಇಂಚಿನದ್ದು 42.4. ನಿಮ್ಮ 38 ಎರಡಕ್ಕೂ ಸೇರಲ್ಲ. ಚಿಕ್ಕ ಡೈಗೆ ಹೋಗಲ್ಲ, ದೊಡ್ಡದರಲ್ಲಿ ಲೂಸಾಗಿ ಕೂರುತ್ತದೆ. ಬಗ್ಗುವಾಗ ಟ್ಯೂಬ್ ಅಗಲಕ್ಕೆ ಹರಡಲು ನೋಡುತ್ತದೆ, ಅದನ್ನು ಪಕ್ಕದಿಂದ ಬಿಗಿಯಾಗಿ ಹಿಡಿಯುವುದೇ ಡೈಯಲ್ಲಿ ಕೊರೆದ ಕಾಲುವೆ. ಅಲ್ಲಿ ಎರಡು ಮಿಮೀ ಜಾಗ ಸಿಕ್ಕರೂ ಸಾಕು, ಟ್ಯೂಬ್ ಮೊಟ್ಟೆಯಾಕಾರ ಆಗುತ್ತದೆ, ಆಮೇಲೆ ಒಳಬದಿ ಕುಸಿಯುತ್ತದೆ.

ಸರಿಯಾದ ಡೈ ಸಿಕ್ಕರೂ ಆ ಮೆಷಿನ್ ದಪ್ಪ ಪೈಪಿಗೆ ಮಾಡಿದ್ದು. ಮಧ್ಯದಲ್ಲಿ ಗುದ್ದಿ ಬಗ್ಗಿಸುತ್ತದೆ, 2 ಮಿಮೀ ಟ್ಯೂಬ್ ಅದನ್ನು ತಡೆಯಲ್ಲ. ನಿಮಗೆ ಬೇಕಾಗಿರುವುದು ರೋಟರಿ ಡ್ರಾ ಬೆಂಡರ್. ಅದರಲ್ಲಿ ಟ್ಯೂಬಿನ ಒಂದು ಕಡೆಯನ್ನು ಡೈಗೆ ಕ್ಲ್ಯಾಂಪ್ ಮಾಡುತ್ತಾರೆ, ಡೈ ತಿರುಗುತ್ತದೆ, ಹಿಂದಿನಿಂದ ಒಂದು ಬ್ಲಾಕ್ ಟ್ಯೂಬನ್ನು ಡೈಗೆ ಒತ್ತಿಕೊಂಡೇ ಇರುತ್ತದೆ. ಹಾಗಾಗಿ ಒಂದು ಕ್ಷಣಕ್ಕೆ ಬಗ್ಗುವುದು ಒಂದೇ ಜಾಗ, ಅದೂ ಸುತ್ತ ಆಧಾರ ಇರುವ ಜಾಗ. 38ರ ಹೊರವ್ಯಾಸಕ್ಕೇ ಮಾಡಿದ ಡೈ ಇರಬೇಕು, ತ್ರಿಜ್ಯ ಟ್ಯೂಬಿನ ನಡುಗೆರೆಗೆ 114 ಮಿಮೀಗಿಂತ ಕಡಿಮೆ ಬೇಡ, ಅಂದರೆ ವ್ಯಾಸದ ಮೂರು ಪಟ್ಟು. ಅಷ್ಟು ಬಗ್ಗಿಸಿದಾಗಲೇ ಹೊರಬದಿ ಹತ್ತಿರ ಹತ್ತಿರ 17% ಹಿಗ್ಗುತ್ತದೆ. ಅದಕ್ಕಿಂತ ಬಿಗಿ ಮಾಡಿದರೆ ಆ ಕಡೆ ತೆಳುವಾಗುತ್ತಾ ಹೋಗುತ್ತದೆ. ಸ್ವಂತ ಬೆಂಡರ್ ಬೇಕಿಲ್ಲ, ಮೆಷಿನ್ ಇರುವವರ ಹತ್ತಿರ ಆ ನಾಲ್ಕೈದು ಬೆಂಡ್ ಮಾಡಿಸಿಕೊಂಡರೆ ಮುಗೀತು.

ಧೂಳುಮಂಡಲ:
ಮರಳನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ದೊಡ್ಡ ತ್ರಿಜ್ಯದ ಬೆಂಡಿಗೆ, ಡೈ ಇಲ್ಲದ ಕಡೆ, ಅದು ಕೆಲಸ ಮಾಡುತ್ತದೆ. ಆದರೆ ಸುಮ್ನೆ ಸುರಿದರೆ ಪ್ರಯೋಜನ ಇಲ್ಲ. ನುಣ್ಣಗಿನ ಮರಳನ್ನು ಚೆನ್ನಾಗಿ ಹುರಿದು ಒಣಗಿಸಬೇಕು, ಒಂದು ತುದಿಗೆ ಮರದ ಬಿರಡೆ ಬಡಿದು, ಟ್ಯೂಬ್ ನಿಲ್ಲಿಸಿ, ಸ್ವಲ್ಪ ಸ್ವಲ್ಪ ಹಾಕುತ್ತಾ ಪಕ್ಕದಿಂದ ಸುತ್ತಿಗೆಯಲ್ಲಿ ತಟ್ಟುತ್ತಾ ಬರಬೇಕು. ತಟ್ಟಿದಷ್ಟೂ ಮರಳು ಕೆಳಗಿಳಿಯುತ್ತದೆ. ಇಳಿಯುವುದು ಪೂರ್ತಿ ನಿಂತು, ತಟ್ಟಿದರೆ ಟಣ್ ಅನ್ನುವ ಬದಲು ಗಟ್ಟಿ ಸರಳಿಗೆ ಹೊಡೆದ ಹಾಗೆ ಸದ್ದು ಬಂದಾಗ ಇನ್ನೊಂದು ಬಿರಡೆ. ಮೇಲೆ ಒಂದು ಬೆರಳು ಜಾಗ ಖಾಲಿ ಬಿಟ್ಟರೂ ಬಗ್ಗಿಸುವಾಗ ಮರಳು ಅಲ್ಲಿಗೆ ಸರಿದು ಟ್ಯೂಬ್ ಕುಸಿಯುತ್ತದೆ.

ಬೆಂಕಿ ವಿಷಯದಲ್ಲಿ ಮಾತ್ರ ಹುಷಾರು. ಮರಳಲ್ಲಿ ಪಸೆ ಇದ್ದು ಎರಡೂ ತುದಿ ಮುಚ್ಚಿದ ಟ್ಯೂಬಿಗೆ ಗ್ಯಾಸ್ ಹಚ್ಚಿದರೆ ಒಳಗೆ ಹಬೆ ಕಟ್ಟಿ ಬಿರಡೆ ಗುಂಡಿನ ಹಾಗೆ ಹಾರುತ್ತದೆ. ಬಿರಡೆಯಲ್ಲಿ ಸಣ್ಣ ತೂತು ಇರಲೇಬೇಕು. ಟ್ಯೂಬ್ ಗ್ಯಾಲ್ವನೈಸ್ಡ್ ಆಗಿದ್ದರೆ ಬೆಂಕಿಯ ಸುದ್ದಿಗೇ ಹೋಗಬೇಡಿ, ಸತುವಿನ ಹೊಗೆ ಕುಡಿದರೆ ಜ್ವರ ಹಿಡಿಯುತ್ತದೆ.

ಇಕ್ಕಳ_ಸುತ್ತಿಗೆ:
@ಧೂಳುಮಂಡಲ ಮರಳು ಬಂಪರಿಗೆ, ಲಗೇಜ್ ಕ್ಯಾರಿಯರಿಗೆ ಓಕೆ ಸರ್. ತಲೆ ಕಾಯುವ ಹೂಪಿಗೆ ಬೇಡ. ಕೆಂಪಗೆ ಕಾಯಿಸಿದರೆ ಎಲ್ಲಿ ಎಷ್ಟು ಕಾದಿದೆ ಅಂತ ಗೊತ್ತಾಗಲ್ಲ, ಜಾಸ್ತಿ ಕಾದ ಜಾಗವೇ ಜಾಸ್ತಿ ಬಗ್ಗುತ್ತದೆ. ಕೋಲ್ಡ್ ಡ್ರಾನ್ ಟ್ಯೂಬ್ ಆಗಿದ್ದರೆ ತಣ್ಣಗೆ ಎಳೆದಾಗ ಬಂದ ಗಟ್ಟಿತನವೂ ಅಲ್ಲೇ ಹೋಯಿತು.

ಧೂಳುಮಂಡಲ:
ಹೂಪಿನ ಮಟ್ಟಿಗೆ ಒಪ್ಪಿದೆ. ನಾನು ಹೇಳಿದ್ದು ಮುಂದಿನ ಸಣ್ಣಪುಟ್ಟ ಬೆಂಡುಗಳಿಗೆ, ಅದೂ ತಣ್ಣಗೇ.

ಮೂರುಕೋನ:
ಬೆಂಡ್ ಹೇಗೆ ಮಾಡೋದು ಅಂತ ಎಲ್ಲರೂ ಹೇಳುತ್ತಿದ್ದಾರೆ, ಎಷ್ಟು ಬೆಂಡ್ ಬೇಕು ಅಂತ ಯಾರೂ ಕೇಳಲಿಲ್ಲ. ಹೂಪ್ ಒಂದೇ ಟ್ಯೂಬಿನದ್ದು ಇರಬೇಕು, ಅದಕ್ಕೆ ಬೆಂಡ್ ಬೇಕು, ಸರಿ. ಕೆಳಗಿನ ಫ್ರೇಮ್, ಪಕ್ಕದ ಕಂಬಿ, ಸಸ್ಪೆನ್ಷನ್ ಕೂರುವ ಜಾಗ, ಇವಕ್ಕೆಲ್ಲ ನೇರ ಟ್ಯೂಬನ್ನೇ ತ್ರಿಕೋನ ತ್ರಿಕೋನವಾಗಿ ಕಟ್ಟಿ. ನೇರ ಟ್ಯೂಬ್ ತುದಿಯಿಂದ ತುದಿಗೆ ಭಾರ ಹೊರುತ್ತದೆ, ಬಗ್ಗಿದ ಟ್ಯೂಬ್ ಅದೇ ಭಾರಕ್ಕೆ ಇನ್ನಷ್ಟು ಬಗ್ಗಲು ನೋಡುತ್ತದೆ. ಬೆಂಡ್ ಅನಿವಾರ್ಯ ಅನ್ನಿಸಿದ ಕಡೆ ಇನ್ನೊಂದು ಟ್ಯೂಬ್ ಬಂದು ಆ ಬೆಂಡಿನ ಹತ್ತಿರವೇ ಸೇರುವ ಹಾಗೆ ನೋಡಿಕೊಳ್ಳಿ. ನೋಡೋಕೆ ಚೆಂದ ಅಂತ ಎಲ್ಲ ಕಡೆ ಬಳಕುವ ಫ್ರೇಮ್ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಟ್ಯೂಬ್ ಸಾಲುತ್ತದಾ ಅನ್ನೋದಕ್ಕೆ ಒಂದು ಅಳತೆಗೋಲು ಇದೆ. ಕಾಲೇಜು ಹುಡುಗರ ಬಾಹಾ ಎಸ್‌ಎಇ ಸ್ಪರ್ಧೆಯಲ್ಲೂ ಒಬ್ಬರೇ ಕೂರುವ ಸಣ್ಣ ಇಂಜಿನ್ ಗಾಡಿಗಳೇ. ಅಲ್ಲಿ ಮುಖ್ಯ ಟ್ಯೂಬಿಗೆ ಆಧಾರ ಅಳತೆ 25 ಮಿಮೀ ವ್ಯಾಸ, 3 ಮಿಮೀ ದಪ್ಪ, ಕಾರ್ಬನ್ ಕನಿಷ್ಠ 0.18%. ಬೇರೆ ಅಳತೆ ಹಾಕುವುದಾದರೆ ಬಿಗಿತ, ಬಲ ಎರಡೂ ಕನಿಷ್ಠ ಅದಕ್ಕೆ ಸಮ ಇರಬೇಕು. ನಿಮ್ಮ 38×2 ಬಿಗಿತದಲ್ಲಿ ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ಆದ್ದರಿಂದ ಈ ಗಾಡಿಗೆ ಟ್ಯೂಬ್ ಕೆಟ್ಟ ಆಯ್ಕೆ ಏನಲ್ಲ, ಆದರೆ ಆ ಲೆಕ್ಕ ಎಲ್ಲ ಟ್ಯೂಬ್ ದುಂಡಗೆ ಇರುವ ತನಕ ಮಾತ್ರ. ರ‍್ಯಾಲಿ ಕಾರಿನ ಎಫ್‌ಐಎ (ಮೋಟಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ) ನಿಯಮ ಇನ್ನೂ ಬಿಗಿ, ಮುಖ್ಯ ಹೂಪಿಗೆ 45×2.5 ಇಲ್ಲವೇ 50×2, ಅದೂ ಬೆಸುಗೆ ಇಲ್ಲದ ಟ್ಯೂಬ್. ಮುಂದೆ ಇಬ್ಬರು ಕೂರುವ ಭಾರದ ಗಾಡಿ ಮಾಡಿದರೆ ಆ ಕಡೆ ಹೋಗಿ.

ಅದೇ ಎಫ್‌ಐಎ ನಿಯಮದಿಂದ ಒಂದು ಪರೀಕ್ಷೆ ಎತ್ತಿಕೊಳ್ಳಿ. ಬೆಂಡಿನ ನಟ್ಟನಡುವೆ ವರ್ನಿಯರ್ ಇಟ್ಟು ಕಿರಿದಾದ ವ್ಯಾಸ, ಅಗಲವಾದ ವ್ಯಾಸ ಎರಡೂ ಅಳೆಯಿರಿ. ಕಿರಿದನ್ನು ಅಗಲದಿಂದ ಭಾಗಿಸಿದರೆ 0.9 ಇಲ್ಲವೇ ಮೇಲೆ ಬರಬೇಕು. 36ಕ್ಕೆ 39 ಬಂದರೆ ಪಾಸು, 34ಕ್ಕೆ 40 ಬಂದರೆ ಗುಜರಿಗೆ. ಸುಕ್ಕು ಕಂಡರೆ ಅಳೆಯುವುದೂ ಬೇಡ.

ಇಆರ್‌ಡಬ್ಲ್ಯೂ ಅಂದ ಮೇಲೆ ಉದ್ದಕ್ಕೂ ಬೆಸುಗೆ ಗೆರೆ ಇರುತ್ತದೆ. ಹೊರಗೆ ಕಾಣದಿದ್ದರೆ ತುದಿಯೊಳಗೆ ಬೆರಳು ಹಾಕಿ ಸವರಿ, ಉಬ್ಬು ಸಿಗುತ್ತದೆ. ಆ ಗೆರೆಯನ್ನು ಬೆಂಡಿನ ಹೊರಬದಿಗೂ ಒಳಬದಿಗೂ ಬಾರದ ಹಾಗೆ ಪಕ್ಕಕ್ಕೆ ಇಟ್ಟು ಬಗ್ಗಿಸಿ. ಪಕ್ಕದಲ್ಲಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಸ್ಕೇಲುಪಟ್ಟಿ:
ಉದ್ದದ ಲೆಕ್ಕ ನಾನು ಹೇಳುತ್ತೇನೆ. ಹೂಪ್ 1000 ಮಿಮೀ ಅಗಲ, 1100 ಎತ್ತರ ಅಂತ ಇಟ್ಟುಕೊಳ್ಳಿ, ಎಲ್ಲ ಅಳತೆ ನಡುಗೆರೆಗೆ, ತ್ರಿಜ್ಯ 114. ಮೂಲೆ ಚೂಪಾಗಿದ್ದಿದ್ದರೆ 1100+1000+1100, ಒಟ್ಟು 3200 ಬೇಕಿತ್ತು. ಬೆಂಡ್ ಮೂಲೆಯನ್ನು ಸುತ್ತಿ ಹೋಗದೆ ಕಡಿದು ಹೋಗುತ್ತದೆ. 90 ಡಿಗ್ರಿಗೆ ಪ್ರತಿ ಮೂಲೆಯಲ್ಲೂ 114ರಂತೆ ಎರಡು ಕಡೆ 228 ಬಿಟ್ಟು, ಬದಲಿಗೆ ಕಮಾನಿನ ಉದ್ದ ಸೇರಿಸಬೇಕು, ಅದು 114×3.1416×90÷180, ಅಂದರೆ 179. ಮೂಲೆಗೆ 49 ಉಳಿತಾಯ, ಎರಡಕ್ಕೆ 98. ಟ್ಯೂಬ್ ಉದ್ದ 3102. ನೀವು 3200 ಕತ್ತರಿಸಿ, ತುದಿ ಆಮೇಲೆ ಕಟ್ ಮಾಡಿದರಾಯಿತು.

ಕಾಲು ಸಮ ಬರದಿರುವುದಕ್ಕೆ ಬಹುಶಃ ಒಂದು ತುದಿಯಿಂದಲೇ ಅಳೆಯುತ್ತಿದ್ದೀರಿ. ಮಧ್ಯದಲ್ಲಿ ಗುರುತು ಹಾಕಿ, ಅಲ್ಲಿಂದ ಎರಡು ಕಡೆಗೂ 386 ಅಳೆಯಿರಿ. ಎರಡು ಬೆಂಡಿನ ನಡುವೆ ನೇರವಾಗಿ ಉಳಿಯುವುದು 772, ಅದರ ಅರ್ಧ ಅದು. ಆ ಗುರುತಿನಿಂದ ಹೊರಗೆ 179 ಬೆಂಡ್, ಅದರಾಚೆ ಕಾಲು. ಇದು 114ರ ಡೈಗೆ ಮಾತ್ರ. ನಿಮ್ಮ ಜ್ಯಾಕ್ ಬೆಂಡರಿನಲ್ಲಿ ತ್ರಿಜ್ಯ ಡೈ ಹೇಳಿದ ಹಾಗೆ ಬರಲ್ಲ, ಬಗ್ಗಿಸಿದ ತುಂಡನ್ನೇ ಅಳೆಯಬೇಕು.

ಬಿಟ್ಟ ತಕ್ಷಣ ಟ್ಯೂಬ್ ಸ್ವಲ್ಪ ವಾಪಸ್ ಬಿಚ್ಚಿಕೊಳ್ಳುತ್ತದೆ ಅಲ್ವಾ, ಅದನ್ನೂ ಸೇರಿಸಿ. ಎಷ್ಟು ಡಿಗ್ರಿ ಅನ್ನೋದು ಟ್ಯೂಬಿಗೆ ತಕ್ಕ ಹಾಗೆ ಬದಲಾಗುತ್ತದೆ, ಅದಕ್ಕೇ ಅದೇ ಲಾಟಿನ ಒಂದು ತುಂಡನ್ನು 90ಕ್ಕೆ ಬಗ್ಗಿಸಿ, ಬಿಟ್ಟು, ಕೋನ ನೋಡಿ. 87ಕ್ಕೆ ನಿಂತರೆ 93ಕ್ಕೆ ಎಳೆಯಬೇಕು ಅಂತ ಡೈ ಮೇಲೇ ಮಾರ್ಕರಿನಲ್ಲಿ ಬರೆದಿಡಿ.

ಕೆಸರುಗಾಲಿ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಡೈ ನೋಡಿದೆ, 1¼ ಅಂತಲೇ ಬರೆದಿದೆ, ಟ್ಯೂಬ್ ಇಟ್ಟರೆ ಎರಡು ಕಡೆಯೂ ಬೆಳಕು ಕಾಣುತ್ತದೆ. ಹೂಪ್ ರೋಟರಿ ಬೆಂಡರಿನಲ್ಲೇ ಮಾಡಿಸುತ್ತೇನೆ, ಉಳಿದದ್ದು ನೇರ ಟ್ಯೂಬ್. ಎರಡು ಪ್ರಶ್ನೆ ಉಳಿದಿವೆ. ಎರಡನೇ ಬೆಂಡ್ ಮಾಡುವಾಗ ಟ್ಯೂಬ್ ಸ್ವಲ್ಪ ತಿರುಗಿ ಹೂಪ್ ಸೊಟ್ಟ ಆಗದ ಹಾಗೆ ಹೇಗೆ ನೋಡಿಕೊಳ್ಳೋದು? ಸುಕ್ಕು ಬಿದ್ದ ತುಂಡುಗಳನ್ನು ಸೀಟಿನ ಕೆಳಗೆ ಎಲ್ಲಾದರೂ ಹಾಕಬಹುದಾ?

ಸ್ಕೇಲುಪಟ್ಟಿ:
ಟ್ಯೂಬಿನ ಉದ್ದಕ್ಕೂ ಒಂದು ನೇರ ಗೆರೆ ಎಳೆದುಕೊಳ್ಳಿ. ಮೊದಲ ಬೆಂಡ್ ಆದ ಮೇಲೆ ಆ ಕಾಲಿನ ಮೇಲೆ ಆಂಗಲ್ ಗೇಜ್ ಇಟ್ಟು, ಕಾಲು ಬೆಂಡರಿನ ಡೈ ಇರುವ ಸಮತಲದಲ್ಲೇ ಇದೆ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಕ್ಲ್ಯಾಂಪ್ ಬಿಗಿ ಮಾಡಿ. 10 ಡಿಗ್ರಿ ಎಳೆದು ಇನ್ನೊಂದು ಸಲ ಗೇಜ್ ನೋಡಿ, ಕ್ಲ್ಯಾಂಪ್ ಜಾರಿದ್ದರೆ ಅಲ್ಲೇ ಸರಿಮಾಡಬಹುದು. ಪೂರ್ತಿ ಬಗ್ಗಿದ ಮೇಲೆ ಒಂದು ಡಿಗ್ರಿ ತಪ್ಪಿದ್ದರೂ ಮೀಟರ್ ಉದ್ದದ ಕಾಲಿನ ತುದಿ ಹದಿನೇಳು ಮಿಮೀಯಷ್ಟು ಆಚೆ ಹೋಗಿರುತ್ತದೆ.

ಮೂರುಕೋನ:
ಸುಕ್ಕು ಬಿದ್ದದ್ದು ಸೀಟಿನ ಕೆಳಗೂ ಬೇಡ, ಎಲ್ಲೂ ಬೇಡ. ಬೆಂಡ್ ಕತ್ತರಿಸಿ ಬಿಸಾಕಿ. ಎರಡು ಕಡೆಯ ನೇರ ತುಂಡು ಇಟ್ಟುಕೊಂಡು ಟ್ಯೂಬಿಗೆ ಟ್ಯೂಬ್ ಕೂರಿಸಲು ತುದಿಯನ್ನು ಬಾಯಿ ತೆರೆದ ಹಾಗೆ ಕೊರೆಯುವುದನ್ನು ಅಭ್ಯಾಸ ಮಾಡಿ, ಸಂದಿಲ್ಲದೆ ಕೂರುವ ತನಕ. ಮುಂದೆ ನಿಮ್ಮ ಕೆಲಸ ಮುಕ್ಕಾಲು ಭಾಗ ಅದೇ.