ಒತ್ತಕ್ಷರ ಬಂದರೆ ನಿಂತುಬಿಡುವ ಮಗ: ನೀವೆಲ್ಲ ಓದಲು ಹೇಗೆ ಕಲಿತಿರಿ?

ಕಾರವಾರದಿಂದ ಕೇಳುತ್ತಿದ್ದೇನೆ. ಮಗನಿಗೆ ಎಂಟು ವರ್ಷ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡದ ಕಾಗುಣಿತ ಪಟಪಟ ಹೇಳುತ್ತಾನೆ. ಒತ್ತಕ್ಷರ ಬಂತೋ, ಅಲ್ಲೇ ನಿಂತ. ಪುಸ್ತಕ ತೆಗೆದರೆ ಅಳು. ನಿಮ್ಮ ಅನುಭವ ಹೇಳ್ತೀರಾ?

ಕುಮಟಾದಿಂದ:
ನನಗೆ ಓದು ಕಲಿಸಿದ್ದು ಬಸ್ ಸ್ಟ್ಯಾಂಡು. ಅಜ್ಜಿಮನೆಗೆ ಹೋಗುವಾಗ ಬಸ್ಸಿಗೆ ತುಂಬಾ ಹೊತ್ತು ಕಾಯಬೇಕಿತ್ತು. ಬಂದ ಬಸ್ಸಿನ ಬೋರ್ಡು ಓದುವುದು ನನ್ನ ಕೆಲಸ. ಕಾರವಾರ, ಅಂಕೋಲಾ, ದಾಂಡೇಲಿ, ಹಳಿಯಾಳ: ಒಂದರಲ್ಲೂ ಒತ್ತಿಲ್ಲ ನೋಡಿ, ಸಲೀಸು. ಆಮೇಲೆ ಹೊನ್ನಾವರ, ಯಲ್ಲಾಪುರ, ಸಿದ್ದಾಪುರ. ಅದೇ ಅಕ್ಷರಕ್ಕೆ ಅದರದ್ದೇ ಒತ್ತು. ಭಟ್ಕಳಕ್ಕೆ ಬಂದರೆ ಟ ಕೆಳಗೆ ಕ, ಸ್ವಲ್ಪ ತಡವರಿಸಬೇಕು. ಶಿರಸಿ, ಶಿರ್ಸಿ ಎರಡೂ ಥರ ಬರೆಯುತ್ತಿದ್ದರು. ಅವು ಎರಡು ಊರು ಅಂತಲೇ ನಾನು ನಂಬಿದ್ದೆ!

ಸೋತದ್ದು ಗೋಕರ್ಣದಲ್ಲಿ. ಬಾಯಲ್ಲಿ ಮೊದಲು ಬರುವ ರ, ಬರೆಯುವಾಗ ಣ ಹಿಂದೆ ಬಾಲದ ಹಾಗೆ ಕೂತಿರುತ್ತದೆ. 'ಗೋಕಣರ್' ಎಂದು ಜೋರಾಗಿ ಓದಿದೆ. ಕಂಡಕ್ಟರ್ ನಗಲಿಲ್ಲ. 'ಗೋಕಣರ್, ಗೋಕಣರ್, ಹತ್ತಿ ಹತ್ತಿ' ಎಂದು ಅವರೂ ಕೂಗಿದರು. ಮುರ್ಡೇಶ್ವರ ತಪ್ಪದೆ ಓದಿದ ದಿನ ಅಪ್ಪ ಬನ್ಸ್ ಕೊಡಿಸಿದರು.

ಸಿದ್ದಾಪುರದಿಂದ:
ನನ್ನದು ಕಳ್ಳ ಓದು. ಅಜ್ಜ ಯಕ್ಷಗಾನ ಪ್ರಸಂಗದ ಪುಸ್ತಕ ಹಿಡಿದು ಪದ್ಯ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಬಾಯಿಪಾಠ. ಸಾಲಿನ ಮೇಲೆ ಬೆರಳಿಟ್ಟು ಹೇಳಿದರೆ ಓದಿದಂತೆಯೇ ಕಾಣುತ್ತಿತ್ತು. ಒಂದು ದಿನ ಪುಟ ಮಗುಚಿದ ಮೇಲೂ ಹಳೆ ಪುಟದ್ದೇ ಹೇಳಿ ಸಿಕ್ಕಿಬಿದ್ದೆ. ಅಜ್ಜ ಬಯ್ಯಲಿಲ್ಲ. ಗೊತ್ತಿದ್ದ ಪದ್ಯದ ನಡುವಿನ ಒಂದು ಶಬ್ದ ತೋರಿಸಿ, 'ಇದೇನು?' ಎಂದು ಕೇಳಲು ಶುರು ಮಾಡಿದರು. ಮೊದಲಿನಿಂದ ಹಾಡಿಕೊಂಡು ಬಂದು ಆ ಶಬ್ದ ಹಿಡಿಯುತ್ತಿದ್ದೆ. ಹಾಗೇ ಒತ್ತುಗಳ ಗುರುತು ಸಿಕ್ಕಿತು. ನಿಮ್ಮವನಿಗೆ ಯಾವ ಹಾಡು ಬರುತ್ತದೋ ಅದನ್ನೇ ಬರೆದು ಕೊಡಿ.

ಅಂಕೋಲಾದಿಂದ:
ಎಂಟು ವರ್ಷ ತಡ ಏನಲ್ಲ. ನಮ್ಮ ಆಯಿ ನಲವತ್ತು ದಾಟಿದ ಮೇಲೆ ಕಲಿತದ್ದು, ತೊಂಬತ್ತರ ದಶಕದ ಸಾಕ್ಷರತಾ ತರಗತಿಯಲ್ಲಿ. ಮೀನು ಬುಟ್ಟಿ ಹೊತ್ತು ಬಸ್ಸಿಗೆ ನಿಂತಾಗ 'ಇದು ಎಲ್ಲಿಗೆ?' ಎಂದು ಎಲ್ಲರನ್ನೂ ಕೇಳಬೇಕಲ್ವಾ, ಆ ಮುಜುಗರ ಅವಳಿಗೆ ಸಾಕಾಗಿತ್ತು. ಸ್ಲೇಟು ಹಿಡಿದಾಗ ಬೆರಳು ಬಗ್ಗುತ್ತಿರಲಿಲ್ಲ. ಮೊದಲು ಹೆಸರು ಬರೆದಳು. ಆಮೇಲೆ ಸಾಲದ ಪುಸ್ತಕ ತಾನೇ ಓದಿ, ನಾನು ಬರೆದ ಲೆಕ್ಕದಲ್ಲಿ ತಪ್ಪು ಹಿಡಿದಳು. ಒಂದೇ ಮಾತು: ನೆಂಟರ ಮುಂದೆ ಮಗನಿಂದ ಓದಿಸಬೇಡಿ.

ಮತ್ತೆ ಕಾರವಾರದಿಂದ:
ಇವತ್ತು ಸಂಜೆ ಸುಮ್ನೆ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿದ್ದೆ. ಒಂದು ಬಸ್ಸಿಗೆ ಓಡುವ ಅಕ್ಷರದ ಬೋರ್ಡು. ಓದಿ ಮುಗಿಯುವ ಮೊದಲೇ ಹೋಗಿಬಿಡುತ್ತದೆ ಎಂದು ಜಗಳ. ಕೊನೆಗೆ ಬಣ್ಣದಲ್ಲಿ ಬರೆದದ್ದು ಸಿಕ್ಕಿತು. ಹೊನ್ನಾವರ ಆಯಿತು. ಭಟ್ಕಳ ನಾಳೆಯಂತೆ.